ಒದ್ದೆ ಕಂಡಲ್ಲೇ ಸೋರಿಕೆ ಇರಬೇಕೆಂದಿಲ್ಲ

ಕಲ್ಯಾಣ ಮಂಟಪದ ಹಿಂಬದಿ, ಹಳೇ ಟಾಕೀಸಿನ ಪಕ್ಕದ ಶೆಡ್ಡು, ಕಾಫಿ ತೋಟದ ಪಲ್ಪರ್ ಮನೆ, ಎಲ್ಲಿ ಹಳೆಯ ಡೀಸೆಲ್ ಜನರೇಟರ್ ಇದೆಯೋ ಅಲ್ಲಿ ಅದರ ಅಡಿಗೆ ತಗಡಿನ ಟ್ರೇ ಒಂದು ಇದ್ದೇ ಇರುತ್ತದೆ. ಅಡುಗೆ ಎಣ್ಣೆಯ ಟಿನ್ನನ್ನು ಅಡ್ಡಕ್ಕೆ ಕೊಯ್ದು ಮಾಡಿದ್ದು. ಅದೂ ಇಲ್ಲದಿದ್ದರೆ ಮರಳು, ಇಲ್ಲವೇ ಸಾಮಿಲ್ಲಿನಿಂದ ತಂದ ಮರದ ಹೊಟ್ಟು. ಕೇಳಿದರೆ ಎಲ್ಲೆಡೆ ಒಂದೇ ಉತ್ತರ: ‘ಸ್ವಲ್ಪ ಜಿನುಗ್ತದೆ ಸಾರ್, ಹಳೇ ಇಂಜಿನ್ ಅಲ್ವಾ?’

ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂಬ ಈ ಧಾಟಿ ನನಗೆ ಒಪ್ಪಿಗೆಯಿಲ್ಲ. ಇಂಜಿನ್ನಿಗೆ ಎಷ್ಟೇ ವರ್ಷವಾಗಿರಲಿ, ಪ್ರತಿ ಸೋರಿಕೆಗೂ ಒಂದು ನಿರ್ದಿಷ್ಟ ಜಾಗ ಇರುತ್ತದೆ, ಒಂದು ಕಾರಣ ಇರುತ್ತದೆ. ಬಹುಪಾಲು ಸಲ ಆ ಕಾರಣ ಕೆಲವೇ ರೂಪಾಯಿಯ ತಾಮ್ರದ ವಾಷರ್. ನಷ್ಟದ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಅಷ್ಟೆ. ಡೀಸೆಲ್ ತೊಟ್ಟು ನೀರಿನ ತೊಟ್ಟಿಗಿಂತ ಚಿಕ್ಕದು, ಅದರ ಮೇಲ್ಮೈ ಎಳೆತ ಕಡಿಮೆ. ಮಿಲಿಲೀಟರಿಗೆ ಸುಮಾರು 40 ತೊಟ್ಟು ಎಂದು ಹಿಡಿದರೂ, ಸೆಕೆಂಡಿಗೊಂದು ಬಿದ್ದರೆ ದಿನಕ್ಕೆ 86,400 ತೊಟ್ಟು. ಎರಡು ಲೀಟರಿಗೂ ಮೇಲಾಯಿತು. ಟ್ಯಾಂಕು ಎತ್ತರದಲ್ಲಿದ್ದರೆ ಇಂಜಿನ್ ನಿಂತಿರುವಾಗಲೂ ಈ ಖರ್ಚು ನಿಲ್ಲುವುದಿಲ್ಲ.

ಆದರೂ ಕಣ್ಣಿಗೆ ಕಾಣುವಂತೆ ಸೋರುವ ಡೀಸೆಲ್ ಒಂದು ಲೆಕ್ಕದಲ್ಲಿ ಪ್ರಾಮಾಣಿಕ. ಇಲ್ಲಿದ್ದೇನೆ ಎಂದು ವಾಸನೆಯಿಂದಲೇ ಹೇಳುತ್ತದೆ. ಇಂಜಿನ್ನನ್ನು ಹಾಳುಮಾಡುವುದು ಹೆಚ್ಚಾಗಿ ಟ್ರೇಗೆ ಬೀಳದ ಸೋರಿಕೆ. ಒಂದು ಕಡೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತಿರುತ್ತದೆ. ಇನ್ನೊಂದು ಕಡೆ ಡೀಸೆಲ್ ಸದ್ದಿಲ್ಲದೆ ಇಂಜಿನ್ ಆಯಿಲ್ಲಿಗೆ ಇಳಿಯುತ್ತಿರುತ್ತದೆ. ಈ ಎರಡೂ ಕಡೆ ನೆಲ ಒಣಗಿಯೇ ಇರುತ್ತದೆ.

ಗಾಳಿಯ ಕತೆ ಅರ್ಥವಾಗಬೇಕಾದರೆ ಟ್ಯಾಂಕು ಎಲ್ಲಿದೆ ಎಂದು ನೋಡಬೇಕು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನಲ್ಲಿ 1930ರ ಸುಮಾರಿಗೆ ತಯಾರಾಗತೊಡಗಿದ ಲಿಸ್ಟರ್ ಸಿಎಸ್ ಇಂಜಿನ್ನನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 600ರಿಂದ 650 ಸುತ್ತು, ಎರಡು ದೊಡ್ಡ ಚಕ್ರ, ದೂರದಿಂದಲೇ ಎಣಿಸಬಹುದಾದ ಟುಕ್ ಟುಕ್ ಸದ್ದು. ಅದರ ನಕಲುಗಳು ರಾಜ್‌ಕೋಟ್‌ನ ಕಾರ್ಖಾನೆಗಳಿಂದ ಹೊರಟು ದೇಶದ ಹಿಟ್ಟಿನ ಗಿರಣಿಗಳನ್ನು, ನೀರಾವರಿ ಬಾವಿಗಳನ್ನು ತುಂಬಿದವು. ಆ ಇಂಜಿನ್ನಿನಲ್ಲಿ ಡೀಸೆಲ್ ಟ್ಯಾಂಕು ಪಂಪಿಗಿಂತ ಎತ್ತರದಲ್ಲಿರುತ್ತದೆ. ಎಣ್ಣೆ ತನ್ನ ತೂಕದಿಂದಲೇ ಇಳಿದು ಬರುತ್ತದೆ. ಪೈಪಿನಲ್ಲಿ ಎಲ್ಲಿ ಬಿರುಕು ಬಿಟ್ಟರೂ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕು, ಗಾಳಿಗೆ ಒಳನುಗ್ಗಲು ದಾರಿಯಿಲ್ಲ.

ಆಮೇಲೆ ಬಂದ ಜನರೇಟರುಗಳಲ್ಲಿ ಜಾಗ ಉಳಿಸಲೆಂದು ಟ್ಯಾಂಕನ್ನು ಕೆಳಗಿನ ಚೌಕಟ್ಟಿನೊಳಗೇ ಸೇರಿಸಿದರು. ನೋಡಲು ಅಚ್ಚುಕಟ್ಟು. ಆದರೆ ಈಗ ಡೀಸೆಲ್ಲನ್ನು ಮೇಲಕ್ಕೆ ಹೀರಬೇಕು. ಅದಕ್ಕೊಂದು ಫೀಡ್ ಪಂಪು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಇಂಜಿನ್ ಓಡುವಾಗ ಗಾಳಿಯೇ ಒಳಹೋಗುತ್ತದೆ, ಡೀಸೆಲ್ ಹೊರಬರುವುದಿಲ್ಲ.

ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ನಾನು ಕಂಡದ್ದು ಇದೇ ರೋಗ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಅಲ್ಲಿ ಕರೆಂಟು ದಿನಗಟ್ಟಲೆ ಬರುವುದಿಲ್ಲ. ಕಾಫಿ ಹಣ್ಣು ಬಂದಾಗ ಪಲ್ಪರಿಗೂ ಅದೇ ಜನರೇಟರ್ ಗತಿ. ಎರಡು ಸಿಲಿಂಡರಿನ ಆ ಇಂಜಿನ್ ಬೆಳಿಗ್ಗೆ ಹತ್ತುವುದಕ್ಕೇ ಸತಾಯಿಸುತ್ತಿತ್ತು. ಹತ್ತಿದರೂ ಸ್ವಲ್ಪ ಹೊತ್ತಿಗೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ನೆಲದ ಮೇಲೆ ಒಂದು ತೊಟ್ಟಿಲ್ಲ. ತೋಟದ ರೈಟರು ಫಿಲ್ಟರ್ ಬದಲಿಸಿ ನೋಡಿದ್ದರು, ಬ್ಯಾಟರಿ ಬದಲಿಸಿ ನೋಡಿದ್ದರು. ಕೊನೆಗೆ ಪಂಪೇ ಹೋಗಿದೆ ಎಂದು ತೀರ್ಮಾನಿಸಿ ಪೇಟೆಗೆ ಕಳಿಸಲು ಹೊರಟಿದ್ದರು.

ಬಂದ ಮಿಸ್ತ್ರಿ ಸ್ಪ್ಯಾನರ್ ಮುಟ್ಟಲೇ ಇಲ್ಲ. ‘ಪಂಪ್ ಬಿಚ್ಬೇಡಿ ಮಾರಾಯ್ರೆ, ಅದು ಏನು ಪಾಪ ಮಾಡಿದೆ?’ ಎಂದು ಚೀಲದಿಂದ ಒಂದು ಗೇಣುದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪು ತೆಗೆದರು. ಫೀಡ್ ಪಂಪಿನ ಮುಂದಿನ ಜೋಡಣೆಯಲ್ಲಿ ಅದನ್ನು ತಾತ್ಕಾಲಿಕವಾಗಿ ಸೇರಿಸಿ ಇಂಜಿನ್ ಓಡಿಸಿದರು. ಪೈಪಿನೊಳಗೆ ಡೀಸೆಲ್ ಜತೆ ಸಣ್ಣ ಗುಳ್ಳೆಗಳ ಸಾಲು ಹೋಗುತ್ತಿತ್ತು. ಅದೇ ಪೈಪನ್ನು ಒಂದೊಂದೇ ಜೋಡಣೆ ಹಿಂದಕ್ಕೆ, ಟ್ಯಾಂಕಿನ ಕಡೆಗೆ, ಸರಿಸುತ್ತ ಹೋದರು. ಟ್ಯಾಂಕಿನಿಂದ ಹೊರಡುವ ರಬ್ಬರ್ ಹೋಸಿನ ಆಚೆ ಗುಳ್ಳೆಯಿಲ್ಲ, ಈಚೆ ಇದೆ. ಹೋಸನ್ನು ಬಗ್ಗಿಸಿ ನೋಡಿದರೆ ಕ್ಲಿಪ್ಪಿನ ಅಂಚಿನಲ್ಲಿ ರಬ್ಬರು ಒಣಗಿ ಸೀಳಿತ್ತು. ಒಂದು ತುಂಡು ಹೋಸು, ಎರಡು ಕ್ಲಿಪ್ಪು. ಬೆಳಿಗ್ಗೆ ಏಕೆ ಕಷ್ಟ ಎನ್ನುವುದಕ್ಕೂ ಉತ್ತರ ಅಲ್ಲೇ ಇತ್ತು. ರಾತ್ರಿಯಿಡೀ ಆ ಸೀಳಿನಿಂದ ಗಾಳಿ ಎಳೆದುಕೊಂಡು ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದುಬಿಡುತ್ತಿತ್ತು.

ಹೋಸಿನ ನಂತರ ಇಂಥ ಗಾಳಿಗೆ ಅತಿ ಹೆಚ್ಚು ದಾರಿ ಕೊಡುವುದು ಫೀಡ್ ಪಂಪಿನ ಮೇಲಿರುವ ಕೈಪಂಪಿನ ಗುಬಟು. ಅದರೊಳಗಿನ ಸೀಲು ಸವೆದಿರುತ್ತದೆ, ಯಾರ ಕಣ್ಣೂ ಅಲ್ಲಿಗೆ ಹೋಗುವುದಿಲ್ಲ. ಫಿಲ್ಟರ್ ಬಟ್ಟಲಿನ ರಿಂಗು ಮೂರನೆಯದು. ಹೊಸ ಫಿಲ್ಟರ್ ಜತೆ ಹೊಸ ರಿಂಗು ಬಂದಿದ್ದರೂ ಹಳೆಯದನ್ನೇ ಉಳಿಸಿಕೊಳ್ಳುವ ಜಿಪುಣತನ ನಮ್ಮಲ್ಲಿ ಬಹಳ.

ಇನ್ನು ಕಣ್ಣಿಗೆ ಕಾಣುವ ಸೋರಿಕೆ. ಇಲ್ಲಿ ಎಲ್ಲರೂ ಮಾಡುವ ಮೊದಲ ಕೆಲಸವೇ ತಪ್ಪು: ಒದ್ದೆ ಕಂಡ ನಟ್ಟನ್ನು ಹಿಡಿದು ಇನ್ನಷ್ಟು ಬಿಗಿ ಮಾಡುವುದು. ಡೀಸೆಲ್ ತೆಳು ಎಣ್ಣೆ. ಮೇಲೆಲ್ಲೋ ಹೊರಟು, ಪೈಪಿನ ಬೆನ್ನಿನ ಮೇಲೆ ಹರಿದು, ಫ್ಯಾನಿನ ಗಾಳಿಗೆ ತಿರುಗಿ, ಅತ್ಯಂತ ಕೆಳಗಿನ ಬೋಲ್ಟಿನ ತುದಿಯಲ್ಲಿ ತೊಟ್ಟಾಗುತ್ತದೆ. ಆ ಬೋಲ್ಟಿಗೂ ಸೋರಿಕೆಗೂ ಸಂಬಂಧವೇ ಇರುವುದಿಲ್ಲ. ಆದ್ದರಿಂದ ಮೊದಲು ಇಂಜಿನ್ನಿನ ಆ ಭಾಗವನ್ನು ಬ್ರಷ್ಷಿನಿಂದ ತೊಳೆದು, ಕಾಟನ್ ವೇಸ್ಟಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಆಮೇಲೆ ಸಂಶಯವಿರುವ ಜೋಡಣೆಗಳಿಗೆಲ್ಲ ಸೀಮೆಸುಣ್ಣದ ಪುಡಿಯನ್ನೋ ಮುಖಕ್ಕೆ ಹಚ್ಚುವ ಪೌಡರನ್ನೋ ತೆಳ್ಳಗೆ ಉದುರಿಸಿ ಇಂಜಿನ್ ಓಡಿಸಬೇಕು. ಮೊದಲು ಕಪ್ಪಾಗುವ ಜಾಗವೇ ಕಳ್ಳ. ನಾವು ನೋಡುತ್ತಿದ್ದಂತೆ ಬಿಳಿಯ ಮೇಲೆ ಒಂದು ಗೆರೆ ಮೂಡುತ್ತದೆ. ದೊಡ್ಡ ವರ್ಕ್‌ಶಾಪುಗಳಲ್ಲಿ ಇದಕ್ಕೆ ಹೊಳೆಯುವ ಬಣ್ಣ, ವಿಶೇಷ ದೀಪ ಎಲ್ಲ ಇವೆ. ಹತ್ತು ರೂಪಾಯಿಯ ಪೌಡರ್ ಅದೇ ಕೆಲಸವನ್ನು ಮಾಡುತ್ತದೆ.

ಕೈಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ವೈರನ್ನು ತೆಗೆದಿಡಿ. ಕರೆಂಟು ಹೋದೊಡನೆ ತಾನೇ ಶುರುವಾಗುವ ಪ್ಯಾನೆಲ್ ಇದ್ದರಂತೂ ಇದು ಕಡ್ಡಾಯ. ನಿಮ್ಮ ಬೆರಳು ಫ್ಯಾನ್ ಬೆಲ್ಟಿನ ಬಳಿ ಇದೆ ಎಂಬುದು ಪ್ಯಾನೆಲ್ಲಿಗೆ ಗೊತ್ತಿರುವುದಿಲ್ಲ.

ಕಳ್ಳ ಹೆಚ್ಚಾಗಿ ಸಿಗುವುದು ಬ್ಯಾಂಜೊ ಬೋಲ್ಟಿನಲ್ಲಿ. ನಡುವೆ ತೂತಿರುವ ಬೋಲ್ಟು, ಅದರ ಸುತ್ತ ಉಂಗುರದಂಥ ಪೈಪಿನ ತುದಿ, ಉಂಗುರದ ಎರಡೂ ಪಕ್ಕ ಒಂದೊಂದು ತಾಮ್ರದ ವಾಷರ್. ತಾಮ್ರವನ್ನೇ ಏಕೆ ಇಟ್ಟರು? ಅದು ಮೆತ್ತಗಿದ್ದು, ಬಿಗಿ ಮಾಡಿದಾಗ ಉಕ್ಕಿನ ಮೇಲಿನ ಸಣ್ಣ ಗೀರುಗಳನ್ನು ತುಂಬಿಕೊಳ್ಳುತ್ತದೆ. ಆದರೆ ಒಮ್ಮೆ ಜಜ್ಜಿಸಿಕೊಂಡ ತಾಮ್ರ ಗಡುಸಾಗುತ್ತದೆ. ಬಿಚ್ಚಿ ಮತ್ತೆ ಅದನ್ನೇ ಹಾಕಿದರೆ ಮೊದಲಿನಂತೆ ಕೂರುವುದಿಲ್ಲ. ಹೊಸ ವಾಷರ್ ಸಿಗದ ಊರಿನಲ್ಲಿ ಹಳೆಯದನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಯ ಮೇಲೆ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಉಕ್ಕನ್ನು ಹಾಗೆ ಅದ್ದಿದರೆ ಗಡುಸಾದೀತು, ತಾಮ್ರ ಮಾತ್ರ ಮೆತ್ತಗಾಗುತ್ತದೆ. ಮೇಲಿನ ಕರಿಯನ್ನು ನೀರುಕಾಗದದಿಂದ ಉಜ್ಜಿ ಮತ್ತೆ ಹಾಕಬಹುದು. ಬೆಂಕಿಯ ಕೆಲಸ ಜನರೇಟರ್ ಶೆಡ್ಡಿನಿಂದ ದೂರ ನಡೆಯಲಿ.

ಗಡುಸಾದ ವಾಷರಿನ ಮೇಲೆ ಬಲ ಹಾಕುತ್ತ ಹೋದರೆ ಮುಂದಿನದು ಬೋಲ್ಟು ತುಂಡಾಗುವುದು, ಅಥವಾ ಫಿಲ್ಟರ್ ತಲೆಯ ಅಲ್ಯೂಮಿನಿಯಮ್ ಥ್ರೆಡ್ ಕಿತ್ತು ಬರುವುದು. ವಾಷರಿಗೆ ಹೋಗುವ ಖರ್ಚು ಆಗ ಫಿಲ್ಟರ್ ತಲೆಗೆ ಹೋಗುತ್ತದೆ. ಕಾಣುವ ಸೋರಿಕೆಯ ರಿಪೇರಿ ಎಂದರೆ ಮುಕ್ಕಾಲು ಪಾಲು ಬಿಚ್ಚುವುದು, ಒರೆಸುವುದು, ಹೊಸ ವಾಷರ್ ಇಡುವುದು. ಬಿಗಿ ಮಾಡುವುದಕ್ಕೆ ಉಳಿದ ಕಾಲು.

ಟೆಫ್ಲಾನ್ ಟೇಪಿನ ಬಗ್ಗೆಯೂ ಹೇಳಬೇಕು. ನಲ್ಲಿ ರಿಪೇರಿಯ ಅಭ್ಯಾಸದಿಂದ ಡೀಸೆಲ್ ಪೈಪಿನ ಯೂನಿಯನ್ ನಟ್ಟಿಗೂ ಬಿಳಿ ಟೇಪು ಸುತ್ತುವವರಿದ್ದಾರೆ. ಆ ನಟ್ಟಿನಲ್ಲಿ ಸೀಲಾಗುವುದು ಥ್ರೆಡ್ಡಲ್ಲ. ಒಳಗೆ ಪೈಪಿನ ಶಂಕುವಿನಂಥ ತುದಿ ಗೂಡಿನಲ್ಲಿ ಕೂತು ಸೀಲಾಗುತ್ತದೆ, ಥ್ರೆಡ್ ಅದನ್ನು ಒತ್ತಿ ಹಿಡಿಯುತ್ತದೆ ಅಷ್ಟೆ. ಟೇಪಿನಿಂದ ಲಾಭ ಸೊನ್ನೆ. ಅದರ ಎಳೆಯೊಂದು ಕಳಚಿ ಹೋದರೆ ಪಂಪಿನ ಕವಾಟದಲ್ಲೋ ನಾಝಲ್ಲಿನ ಬಾಯಲ್ಲೋ ಸಿಕ್ಕಿಕೊಳ್ಳುತ್ತದೆ. ಸಿಲಿಕಾನ್ ಗಮ್ಮು ಇನ್ನೊಂದು ಭ್ರಮೆ. ಸಾಮಾನ್ಯ ಸಿಲಿಕಾನ್ ಡೀಸೆಲ್ಲಿನಲ್ಲಿ ಉಬ್ಬಿ ಮೆದುವಾಗಿ ಕಿತ್ತು ಬರುತ್ತದೆ. ಟ್ಯಾಂಕಿನ ತೂತಿಗೆ ಬಾರ್ ಸೋಪು ತಿಕ್ಕುವ ಲಾರಿ ಡ್ರೈವರುಗಳ ಉಪಾಯ ಮಾತ್ರ ನಿಜಕ್ಕೂ ಜಾಣತನದ್ದು. ಸೋಪು ಡೀಸೆಲ್ಲಿನಲ್ಲಿ ಕರಗುವುದಿಲ್ಲ, ಹಾಗಾಗಿ ಪೇಟೆ ತಲುಪುವವರೆಗೆ ಹಿಡಿದಿರುತ್ತದೆ. ಒಣಗಿದ ತಗಡಿಗೆ ಎಂ-ಸೀಲ್ ಅದಕ್ಕಿಂತ ದೀರ್ಘಾಯು. ಬೆಸುಗೆಯೇ ಬೇಕೆಂದರೆ, ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂದು ಗೊತ್ತಿರುವವರ ಕೈಗೇ ಕೊಡಿ. ಒಳಗುಳಿದ ಆವಿ ಕಿಡಿಗಾಗಿ ಕಾಯುತ್ತಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಡಿಮೆ ಒತ್ತಡದ ಭಾಗ. ಪಂಪು ದಾಟಿದ ಮೇಲೆ ಲೋಕವೇ ಬೇರೆ.

ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಇಂಜಿನ್ನನ್ನು ಯಶಸ್ವಿಯಾಗಿ ಓಡಿಸಿದಾಗ ಎಣ್ಣೆಯನ್ನು ಸಿಲಿಂಡರಿಗೆ ಊದಲು ಒತ್ತಿಟ್ಟ ಗಾಳಿಯನ್ನು ಬಳಸುತ್ತಿದ್ದ. ಅದಕ್ಕೆ ಬೇಕಾದ ಕಂಪ್ರೆಸರ್ ದೊಡ್ಡ ಹೊರೆ. ಎಣ್ಣೆಯನ್ನೇ ನೇರವಾಗಿ ಒತ್ತಿ ಚಿಮ್ಮಿಸುವ, ಎಲ್ಲ ಇಂಜಿನ್ನಿಗೂ ಹೊಂದುವಂಥ ಪಂಪನ್ನು ಸಾವಿರಗಟ್ಟಲೆ ತಯಾರಿಸುವ ಕೆಲಸ ಸ್ಟುಟ್‌ಗಾರ್ಟ್‌ನ ಬಾಷ್ ಕಂಪನಿಯಲ್ಲಿ 1927ರಲ್ಲಿ ಶುರುವಾಯಿತು. ಆ ವಿದ್ಯೆ ಬೆಂಗಳೂರಿಗೆ ಬಂದದ್ದು 1951ರಲ್ಲಿ ಸ್ಥಾಪನೆಯಾದ ಮೈಕೊ ಮೂಲಕ, ಆಡುಗೋಡಿಯ ಕಾರ್ಖಾನೆಗೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಗ್ಯಾರೇಜುಗಳಲ್ಲಿ ಅದು ಇವತ್ತಿಗೂ ಮೈಕೊ ಪಂಪೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ತೆರೆದ ಕಾರ್ಖಾನೆಯ ಇಂಜಿನ್ನು, ಆಡುಗೋಡಿಯ ಪಂಪು: ನಮ್ಮ ಹೊಲ, ತೋಟಗಳಲ್ಲಿ ಈ ಜೋಡಿ ಎಷ್ಟು ಸಾಮಾನ್ಯವೆಂದರೆ ಅದರ ಬಿಡಿಭಾಗ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ. ಹಳೆಯ ಜನರೇಟರನ್ನು ಗುಜರಿಗೆ ಹಾಕದೆ ರಿಪೇರಿ ಮಾಡಲು ನನಗಿರುವ ಮುಖ್ಯ ಧೈರ್ಯವೇ ಅದು.

ಆ ಪಂಪು ನಾಝಲ್ಲಿಗೆ ಡೀಸೆಲ್ ಕಳಿಸುವುದು ಸುಮಾರು 200 ಬಾರ್ ಒತ್ತಡದಲ್ಲಿ. ಲಾರಿಯ ಟೈರಿನಲ್ಲಿರುವ ಗಾಳಿಯ ಒತ್ತಡದ ಇಪ್ಪತ್ತೈದು ಪಟ್ಟು. 50 ಹರ್ಟ್ಸ್ ಕರೆಂಟು ಕೊಡುವ ಜನರೇಟರ್ ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತು ಓಡುತ್ತದೆ. ನಾಲ್ಕು ಸ್ಟ್ರೋಕಿನ ಇಂಜಿನ್ ಆದ್ದರಿಂದ ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ 750 ಸಲ, ಗಂಟೆಗೆ 45,000 ಸಲ ಡೀಸೆಲ್ ಚಿಮ್ಮುತ್ತದೆ. ಉಕ್ಕಿನ ಆ ತೆಳು ಪೈಪಿನ ಪ್ರತಿ ಜೋಡಣೆಯ ಮೇಲೂ ಅಷ್ಟು ಪೆಟ್ಟು ಬೀಳುತ್ತದೆ. ಪೈಪನ್ನು ಹಿಡಿದಿಡುವ ಕ್ಲ್ಯಾಂಪು ಕಳೆದುಹೋಗಿದ್ದರೆ ಅದು ನಡುಗಿ ನಡುಗಿ ನಟ್ಟಿನ ಬುಡದಲ್ಲಿ ಬಿರುಕು ಬಿಡುತ್ತದೆ. ಹಾಗೆ ಬಿರುಕು ಬಿಟ್ಟ ಪೈಪಿಗೆ ಹಿತ್ತಾಳೆ ಬೆಸುಗೆ ಹಾಕಿಸಬೇಡಿ, ಬಗ್ಗಿಸಿ ಎಳೆದು ಕೂರಿಸಲೂ ಬೇಡಿ. ಹಳೆಯ ಪೈಪನ್ನು ಸ್ಯಾಂಪಲ್ಲಿಗೆ ಕೊಂಡೊಯ್ದು ಅದೇ ಉದ್ದ, ಅದೇ ಒಳಅಳತೆಯದ್ದನ್ನು ತರಬೇಕು. ಸಿಲಿಂಡರುಗಳ ಪೈಪುಗಳು ಒಂದೇ ಉದ್ದ ಇರುವುದು ಚಂದಕ್ಕಲ್ಲ, ಎಲ್ಲ ನಾಝಲ್ಲಿಗೂ ಡೀಸೆಲ್ ಸಮನಾಗಿ, ಸರಿಯಾದ ಗಳಿಗೆಗೆ ತಲುಪಲೆಂದು.

ಈ ಭಾಗದ ಸೋರಿಕೆಯನ್ನು ಬೆರಳಿನಿಂದ ಹುಡುಕುವುದು ಮಿಸ್ತ್ರಿಗಳಲ್ಲೂ ಇರುವ ಕೆಟ್ಟ ಅಭ್ಯಾಸ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣ. ಚರ್ಮವನ್ನು ತೂರಲು 7 ಬಾರ್ ಒತ್ತಡವೇ ಸಾಕು, ಇಲ್ಲಿರುವುದು 200. ಮೊದಲು ಚುಚ್ಚಿದಂತಾಗುತ್ತದೆ, ಒಂದು ಕೆಂಪು ಚುಕ್ಕೆ, ನೋವೂ ಅಷ್ಟಕ್ಕಷ್ಟೆ. ಒಳಗೆ ಡೀಸೆಲ್ ಬೆರಳಿನ ಮಾಂಸದ ಪದರಗಳ ನಡುವೆ ಹರಡಿ ಅದನ್ನು ಕೊಲ್ಲುತ್ತ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೇ ಹೋಗಬಹುದು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿ ಕೂರುವ ಗಾಯವಲ್ಲ ಇದು. ನೇರ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ಅವರಿಗೂ ಅದು ಬರೀ ಮುಳ್ಳು ಚುಚ್ಚಿದ ಗಾಯದಂತೆ ಕಾಣಬಹುದು. ಹುಡುಕುವುದಕ್ಕೆ ರಟ್ಟಿನ ತುಂಡು ಸಾಕು. ಪೈಪಿನ ಸುತ್ತ ಅದನ್ನು ಆಡಿಸಿದರೆ ಚಿಮ್ಮುವ ಕಡೆ ಒದ್ದೆಯ ಚುಕ್ಕೆ ಬೀಳುತ್ತದೆ. ಆಮೇಲೆ ಇಂಜಿನ್ ನಿಲ್ಲಿಸಿ ನಟ್ಟು ಮುಟ್ಟಿ. ಮಂಜಿನಂತೆ ಹರಡುವ ಆ ಡೀಸೆಲ್ ಕಾದ ಸೈಲೆನ್ಸರಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಸದ್ದು ತಡೆಯುವ ಪೆಟ್ಟಿಗೆಯೊಳಗಿನ ಜನರೇಟರಿಗೆ ಈ ಅಪಾಯ ಜಾಸ್ತಿ, ಗೋಡೆಗೆ ಅಂಟಿಸಿದ ಮೆತ್ತೆ ಡೀಸೆಲ್ ಕುಡಿದು ಕೂತಿರುತ್ತದೆ. ಅಂಥ ಮೆತ್ತೆಯನ್ನು ಕಿತ್ತು ಹೊಸದು ಹಾಕಿಸುವವರೆಗೆ ರಿಪೇರಿ ಮುಗಿದಿಲ್ಲ.

‘ಇಷ್ಟು ವರ್ಷ ಸರಿಯಿತ್ತು, ಈಗೀಗ ಸೋರಲು ಶುರುವಾಗಿದೆ’ ಎನ್ನುವವರ ಮಾತಿನಲ್ಲಿ ಸತ್ಯ ಇರಬಹುದು. ಇಂಜಿನ್ ಬದಲಾಗದಿದ್ದರೂ ಡೀಸೆಲ್ ಬದಲಾಗಿದೆ. 2017ರ ಏಪ್ರಿಲ್‌ನಿಂದ ದೇಶವಿಡೀ ಡೀಸೆಲ್ಲಿನ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಪಾಲಿಗೆ ಇಳಿಯಿತು, 2020ರ ಏಪ್ರಿಲ್‌ನಿಂದ 10ಕ್ಕೆ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಆರೋಮ್ಯಾಟಿಕ್ ಎಂಬ ಜಾತಿಯ ಸಂಯುಕ್ತಗಳೂ ಕಡಿಮೆಯಾಗುತ್ತವೆ. ಹಳೆಯ ನೈಟ್ರೈಲ್ ರಬ್ಬರಿನ ರಿಂಗುಗಳು ವರ್ಷಗಟ್ಟಲೆ ಆ ಸಂಯುಕ್ತಗಳನ್ನು ಹೀರಿ ಉಬ್ಬಿ ಗೂಡು ತುಂಬಿ ಕೂತಿದ್ದವು. ಹೊಸ ಡೀಸೆಲ್ಲಿನಲ್ಲಿ ಅವು ಕುಗ್ಗುತ್ತವೆ. ಗಡುಸಾಗಿದ್ದ ಮುದಿ ರಬ್ಬರಿಗೆ ಮತ್ತೆ ಚಾಚಿಕೊಳ್ಳುವ ಶಕ್ತಿಯಿಲ್ಲ. ಅಮೆರಿಕದಲ್ಲಿ 1993ರ ಅಕ್ಟೋಬರಿನಲ್ಲಿ ಕಡಿಮೆ ಗಂಧಕದ ಡೀಸೆಲ್ ಬಂದಾಗ, ಮುಖ್ಯವಾಗಿ ಕ್ಯಾಲಿಫೋರ್ನಿಯಾದಲ್ಲಿ, ಹಳೆಯ ಪಂಪುಗಳು ಇದ್ದಕ್ಕಿದ್ದಂತೆ ಸೋರತೊಡಗಿ ದೊಡ್ಡ ಗಲಾಟೆಯೇ ಆಗಿತ್ತು. ಪರಿಹಾರ ಸರಳ: ರಬ್ಬರ್ ರಿಂಗುಗಳನ್ನೆಲ್ಲ ಒಂದೇ ಸಲ ಬದಲಿಸಿ, ಸಿಕ್ಕರೆ ವೈಟಾನ್ ರಿಂಗು ಹಾಕಿಸಿ. ಹೊಂಗೆಯ ಬಯೋಡೀಸೆಲ್ ಸುರಿಯುವ ಉತ್ಸಾಹಿಗಳಿಗಂತೂ ಇದು ಬಿಟ್ಟು ದಾರಿಯಿಲ್ಲ. ಅದು ನೈಟ್ರೈಲನ್ನು ಮೆತ್ತಗೆ ಮಾಡುವುದಲ್ಲದೆ, ಸಂದುಗಳನ್ನು ಇಷ್ಟು ದಿನ ಮುಚ್ಚಿದ್ದ ಹಳೆಯ ಜಿಡ್ಡನ್ನೂ ತೊಳೆದುಬಿಡುತ್ತದೆ.

ಇನ್ನು ನೆಲಕ್ಕೂ ಬೀಳದ, ಗುಳ್ಳೆಯೂ ಏಳಿಸದ ಆ ಮೂರನೆಯದು. ಡಿಪ್‌ಸ್ಟಿಕ್ ಎಳೆದಾಗ ಇಂಜಿನ್ ಆಯಿಲ್ ಕಡಿಮೆಯಾಗಿದ್ದರೆ ಎಲ್ಲರೂ ಗಾಬರಿಯಾಗುತ್ತಾರೆ. ಹೆಚ್ಚಾಗಿದ್ದರೆ ಖುಷಿ, ಹಾಕುವ ಖರ್ಚು ಉಳಿಯಿತಲ್ಲ ಎಂದು! ನಿಜವಾಗಿ ಗಾಬರಿಪಡಬೇಕಾದದ್ದು ಆಗ. ಇಂಜಿನ್ ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಫೀಡ್ ಪಂಪಿನ ಡಯಾಫ್ರಮ್ ಹರಿದಿರಬಹುದು, ಪಂಪಿನ ಪ್ಲಂಜರ್ ಸವೆದಿರಬಹುದು, ರಾಕರ್ ಕವರಿನೊಳಗೆ ಹಾದುಹೋಗುವ ಸಣ್ಣ ವಾಪಸಾತಿ ಪೈಪು ಸೀಳಿರಬಹುದು. ಇಂಜಿನ್ ಆಯಿಲ್ ನಿಲ್ಲುವ ಸಂಪಿನೊಳಕ್ಕೆ ಡೀಸೆಲ್ ಇಳಿಯುತ್ತಿದೆ. ಡಿಪ್‌ಸ್ಟಿಕ್ಕಿನ ಒಂದು ತೊಟ್ಟನ್ನು ಸುದ್ದಿಕಾಗದದ ಮೇಲೆ ಬಿಟ್ಟು ಸ್ವಲ್ಪ ಹೊತ್ತು ನೋಡಿ. ಆಯಿಲ್ ನಡುವೆ ಕಪ್ಪಾಗಿ ಉಳಿದು, ಡೀಸೆಲ್ ಅದರ ಸುತ್ತ ತೆಳು ಬಳೆಯಾಗಿ ಹರಡುತ್ತದೆ. ವಾಸನೆಯೂ ಹೇಳುತ್ತದೆ. ತೆಳುವಾದ ಆಯಿಲ್ಲಿನಲ್ಲಿ ಬೇರಿಂಗುಗಳು ಉರಿದುಹೋಗುವುದು ಒಂದು ಗತಿ. ಇನ್ನೊಂದು ಅದಕ್ಕಿಂತ ಭಯಂಕರ: ಹೆಚ್ಚಿದ ಆಯಿಲ್ಲನ್ನೇ ಇಂಜಿನ್ ಒಳಗೆಳೆದುಕೊಂಡು ಸುಡಲು ಶುರುಮಾಡಿ ಹತೋಟಿ ಮೀರಿ ಓಡುತ್ತದೆ. ಆಗ ಸ್ಟಾಪ್ ಲಿವರ್ ಎಳೆದರೂ ನಿಲ್ಲುವುದಿಲ್ಲ, ಡೀಸೆಲ್ ಕಾಕ್ ಮುಚ್ಚಿದರೂ ನಿಲ್ಲುವುದಿಲ್ಲ. ಗಾಳಿ ಹೋಗುವ ಬಾಯಿಯನ್ನು ಹಲಗೆಯಿಂದ ಮುಚ್ಚುವುದೊಂದೇ ಉಪಾಯ. ಇಂಥ ಇಂಜಿನ್ನನ್ನು ಕಾರಣ ಸಿಗುವವರೆಗೆ ಓಡಿಸಲೇಬಾರದು, ಸಿಕ್ಕಮೇಲೆ ಆಯಿಲ್ಲನ್ನೂ ಅದರ ಫಿಲ್ಟರನ್ನೂ ಪೂರ್ತಿ ಬದಲಿಸಬೇಕು.

ರಿಪೇರಿ ಮುಗಿದ ಮೇಲೆ ಗಾಳಿ ತೆಗೆಯುವ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನದು, ಕೊನೆಗೆ ನಾಝಲ್ಲಿನ ನಟ್ಟು, ಟ್ಯಾಂಕಿನಿಂದ ಮುಂದಕ್ಕೆ ಅದೇ ಕ್ರಮ. ಪೂರ್ತಿ ಲೋಡಿನಲ್ಲಿ ಒಂದು ಗಂಟೆ ಓಡಿಸಿ, ಮರುದಿನ ತಣ್ಣಗಿದ್ದಾಗ ಪೌಡರ್ ಹಾಕಿದ ಜಾಗಗಳನ್ನು ಇನ್ನೊಮ್ಮೆ ನೋಡಬೇಕು. ಬಿಸಿಯಲ್ಲಿ ಹಿಡಿದಿದ್ದ ಜೋಡಣೆ ತಣ್ಣಗಾದಾಗ ಬಿಟ್ಟುಕೊಡುವುದುಂಟು.

ಮೂಡಿಗೆರೆಯ ಆ ತೋಟದಲ್ಲಿ ಹೀಗೆ ಎಲ್ಲ ಒಣಗಿದ ಮೇಲೆ ರೈಟರಿಗೆ ಹೊಸ ಉತ್ಸಾಹ ಬಂತು. ನಾಝಲ್ಲಿನ ಮೇಲಿಂದ ಹೊರಟು ಟ್ಯಾಂಕಿಗೆ ವಾಪಸ್ ಬರುವ ಸಣ್ಣ ಪೈಪಿನಲ್ಲಿ ಡೀಸೆಲ್ ತೊಟ್ಟಿಕ್ಕುವುದನ್ನು ತೋರಿಸಿ, ‘ಇದನ್ನೂ ನಿಲ್ಲಿಸಿಬಿಡಿ’ ಎಂದರು. ಮಿಸ್ತ್ರಿ ತಲೆಯಾಡಿಸಿದರು. ನಾಝಲ್ಲಿನ ಸೂಜಿಗೂ ಅದರ ಗೂಡಿಗೂ ನಡುವೆ ರಬ್ಬರಿಲ್ಲ, ವಾಷರಿಲ್ಲ. ಕೆಲವೇ ಮೈಕ್ರಾನಿನಷ್ಟು ಸಂದು, ಜೋಡಿಯಾಗಿಯೇ ಉಜ್ಜಿ ಹೊಂದಿಸಿದ್ದು, ಒಂದರ ಸೂಜಿ ಇನ್ನೊಂದರ ಗೂಡಿಗೆ ಹಾಕುವಂತಿಲ್ಲ. ಆ ಸಂದಿನಲ್ಲಿ ಜಿನುಗುವ ಡೀಸೆಲ್ಲೇ ಸೂಜಿಗೆ ಎಣ್ಣೆ. ಜಿನುಗಿದ್ದು ವಾಪಸ್ ಹೋಗಲೆಂದೇ ಆ ಪೈಪು ಇಟ್ಟಿರುವುದು. ಅದನ್ನು ಮುಚ್ಚಿದರೆ ಸೂಜಿಯ ಹಿಂದೆ ಒತ್ತಡ ಕೂತು ನಾಝಲ್ ತೆರೆಯುವುದೇ ಕಷ್ಟವಾಗುತ್ತದೆ.

‘ಇದು ಸೋರ್ಬೇಕು ರೈಟ್ರೇ’ ಎಂದರು ಮಿಸ್ತ್ರಿ. ‘ಜಾಸ್ತಿಯಾದ್ರೆ ಹೇಳಿ, ನಾಝಲ್ ಸವೆದಿದೆ ಅಂತ ಲೆಕ್ಕ. ಟೆಸ್ಟ್ ಬೆಂಚಿಗೆ ಹಾಕ್ಸುವ.’